ಜಪಾನಿನ ಹಮಾಮತ್ಸುವಿನ ನಮ್ಮ ಮನೆಗೆ ಟಿವಿ ಬಂದದ್ದು

2024ರ ಜನವರಿ 1ರ ಸಂಜೆ ನಾವು ಮೂವರೂ ಪಕ್ಕದ ಮನೆಯಲ್ಲಿ ಕೂತಿದ್ದೆವು. ಅವರು ಬ್ರೆಜಿಲ್‌ನವರು. ಹೊಸ ವರ್ಷ, ಬನ್ನಿ ಅಂತ ಕರೆದಿದ್ದರು. ನಾಲ್ಕು ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಮೇಲೆ ತೂಗುಬಿಟ್ಟಿದ್ದ ದೀಪದ ದಾರ ಮೆಲ್ಲಗೆ ಓಲಾಡತೊಡಗಿತು. ಮೊದಲು ನೋಡಿದ್ದು ನನ್ನ ಮಗಳು. "ಅಮ್ಮಾ, ದಾರ ನೋಡು" ಅಂದಳು.

ಅಷ್ಟರಲ್ಲಿ ಮೂಲೆಯಲ್ಲಿ ಸಣ್ಣ ದನಿಯಲ್ಲಿ ಹಾಕಿಟ್ಟಿದ್ದ ಟಿವಿಯಲ್ಲಿ ಎಲ್ಲಾ ಬದಲಾಯಿತು. ನೋಟೋ ಪರ್ಯಾಯ ದ್ವೀಪದಲ್ಲಿ 4:10ಕ್ಕೆ 7.6 ತೀವ್ರತೆಯ ಭೂಕಂಪ ಆಗಿತ್ತು. ಇಲ್ಲಿನ ಸಾರ್ವಜನಿಕ ಚಾನೆಲ್ ಎನ್‌ಎಚ್‌ಕೆಯಲ್ಲಿ ಸುದ್ದಿ ಓದುತ್ತಿದ್ದ ಹೆಂಗಸು ಕೂಗುತ್ತಿದ್ದರು. ಇಲ್ಲಿ ಸುದ್ದಿ ಓದುವವರು ದನಿ ಏರಿಸಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. 2011ರ ಸುನಾಮಿ ಆದ ಮೇಲೆ ಹೀಗೆ ಗಟ್ಟಿಯಾಗಿ, ಅಪ್ಪಣೆ ಕೊಟ್ಟ ಹಾಗೆ ಹೇಳಬೇಕು ಅಂತ ಅವರು ತೀರ್ಮಾನ ಮಾಡಿಕೊಂಡಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಮೆತ್ತಗೆ ಹೇಳಿದರೆ ಜನ ಎದ್ದು ಹೊರಡುವುದಿಲ್ಲ.

ಪರದೆ ಮೇಲೆ ದೊಡ್ಡ ದೊಡ್ಡ ಅಕ್ಷರ. ಕಷ್ಟದ ಕಾಂಜಿ ಲಿಪಿ ಅಲ್ಲ, ಬರೀ ಸುಲಭದ ಹಿರಗಾನ. ಮಕ್ಕಳು, ಹೊರಗಿನಿಂದ ಬಂದವರು, ಯಾರು ಬೇಕಾದರೂ ಓದಲಿ ಅಂತ. ನನಗೆ ಆಗ ಬರುತ್ತಿದ್ದದ್ದು ಅಷ್ಟೇ. ಕೂಡಿಸಿ ಓದಿದೆ. ನಿ. ಗೆ. ತೆ. ನಿಗೆತೆ. ಓಡಿ.

ನೋಟೋ ನಮ್ಮ ಊರಿಂದ ದೂರ. ಅದು ಜಪಾನ್ ಸಮುದ್ರದ ಕಡೆ, ನಾವು ಪೆಸಿಫಿಕ್ ಕಡೆ. ನಮಗೆ ಏನೂ ಆಗಲಿಲ್ಲ. ಆದರೆ ಮನೆಗೆ ಬಂದು ಬಾಗಿಲು ಹಾಕಿಕೊಂಡಾಗ ನಮ್ಮ ಮನೆ ತುಂಬಾ ಮೌನವಾಗಿದೆ ಅನ್ನಿಸಿತು. ನಮ್ಮ ಹತ್ತಿರ ಎರಡು ಫೋನು, ಒಂದು ಲ್ಯಾಪ್‌ಟಾಪ್ ಇತ್ತು. ನಮ್ಮ ಸಿನಿಮಾ, ನಮ್ಮ ಸುದ್ದಿ ಎಲ್ಲಾ ಅದರಲ್ಲೇ ನೋಡುತ್ತಿದ್ದೆವು. ಹದಿನಾಲ್ಕು ತಿಂಗಳಿಂದ ಈ ದೇಶದಲ್ಲಿದ್ದೂ ಈ ದೇಶದ ದನಿ ನಮ್ಮ ಮನೆಯೊಳಗೆ ಬಂದೇ ಇರಲಿಲ್ಲ.

"ರೀ, ಒಂದು ಟಿವಿ ತಗೊಳ್ಳೋಣ" ಅಂದೆ.

"ಫೋನಲ್ಲೇ ಎಲ್ಲಾ ಬರುತ್ತಲ್ವಾ?" ಅಂದರು ನಮ್ಮ ಮನೆಯವರು. ಅವರು ಹಗಲಿಡೀ ಗಾಡಿ ತಯಾರಿಸುವ ಕಂಪನಿಯಲ್ಲಿ ಇರುತ್ತಾರೆ. ಮನೆಯಲ್ಲಿ ಮಗು ಜೊತೆ ಇರುವವಳು ನಾನು. ಆ ಓದಿದ ಮೂರು ಅಕ್ಷರದ ವಿಷಯ ಹೇಳಿದೆ. ಮತ್ತೆ ಅವರು ಎದುರಾಡಲಿಲ್ಲ.

ಊರಿಂದ ಬರುವಾಗ ಟಿವಿ ಯಾಕೆ ತರಲಿಲ್ಲ ಅಂತ ಕೆಲವರು ಕೇಳುತ್ತಾರೆ. ತಂದರೆ ಪ್ರಯೋಜನ ಇಲ್ಲ. ಜಪಾನಿನ ಪ್ರಸಾರ ನಡೆಯುವುದು ಐಎಸ್‌ಡಿಬಿ-ಟಿ ಅನ್ನುವ ಪದ್ಧತಿಯಲ್ಲಿ. ನಮ್ಮಲ್ಲಿನ ಟಿವಿಯ ಟ್ಯೂನರ್, ಅಂದರೆ ಚಾನೆಲ್ ಹಿಡಿಯುವ ಭಾಗ, ಅದನ್ನು ಹಿಡಿಯುವುದಿಲ್ಲ. ಕರೆಂಟ್ ಕೂಡ ಇಲ್ಲಿ ಬರೀ 100 ವೋಲ್ಟ್. ಡಿವಿಡಿ ಇಟ್ಟುಕೊಂಡವರಿಗೆ ಇನ್ನೊಂದು ತೊಡಕು ಇದೆ. ಭಾರತದ ಡಿವಿಡಿಗಳು ವಲಯ 5, ಜಪಾನಿನವು ವಲಯ 2. ಇಲ್ಲಿನ ಪ್ಲೇಯರ್‌ನಲ್ಲಿ ಅವು ಓಡುವುದಿಲ್ಲ. ಇದೇ ಮಾತು ತಿರುಗಿಸಿದರೂ ನಿಜ. ಇಲ್ಲಿ ಕೊಂಡ ಟಿವಿಯನ್ನು ವಾಪಸ್ ಹೋಗುವಾಗ ಹೊತ್ತುಕೊಂಡು ಹೋಗುವ ಯೋಚನೆ ಬಿಡುವುದೇ ಒಳ್ಳೆಯದು. ಅದಕ್ಕೇ ನಾವು ತುಂಬಾ ದುಬಾರಿಯದ್ದು ಬೇಡ ಅಂತ ಮೊದಲೇ ಮಾತಾಡಿಕೊಂಡೆವು.

ಜನವರಿಯ ಎರಡನೇ ಶನಿವಾರ ಸ್ಟೇಷನ್ ಹತ್ತಿರದ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು. ಇಲ್ಲಿ ಟಿವಿ ಅಳತೆಯನ್ನು ಇಂಚು ಅಂತ ಬರೆಯುವುದಿಲ್ಲ. ಸಂಖ್ಯೆ ಆದ ಮೇಲೆ 'ಗತಾ' ಅನ್ನುವ ಒಂದು ಕಾಂಜಿ ಇರುತ್ತದೆ. ಅದು ಇಂಚೇ. 43 ಗತಾ ಅಂದರೆ 43 ಇಂಚು, ಮೂಲೆಯಿಂದ ಮೂಲೆಗೆ. ನಮ್ಮದು ಆರು ತತಾಮಿ ಚಾಪೆಯಷ್ಟು ಅಗಲದ ಕೋಣೆ, ಅಂದರೆ ಹೆಚ್ಚುಕಡಿಮೆ ಹತ್ತು ಚದರ ಮೀಟರ್. 4ಕೆ ಟಿವಿಯನ್ನು ಪರದೆಯ ಎತ್ತರದ ಒಂದೂವರೆ ಪಟ್ಟು ದೂರದಿಂದ ನೋಡಬಹುದು ಅಂತ ಲೆಕ್ಕ ಇದೆ. 43ಕ್ಕೆ ಅದು 80 ಸೆಂಟಿಮೀಟರ್ ಚಿಲ್ಲರೆ. ಜಾಗ ಸಾಕು.

ಅಂಗಡಿ ತುಂಬಾ ತೆರಿಗೆ ಇಲ್ಲ ಅನ್ನುವ ಬೋರ್ಡುಗಳಿದ್ದವು. ಅದು ಪ್ರವಾಸಕ್ಕೆ ಬಂದವರಿಗೆ. ಇಲ್ಲಿ ಕೆಲಸ ಮಾಡಿಕೊಂಡು ವಾಸವಿರುವವರು ಪಾಸ್‌ಪೋರ್ಟ್ ಯಾವ ದೇಶದ್ದೇ ಇರಲಿ, 10% ತೆರಿಗೆ ಕೊಡಲೇಬೇಕು. ನಮ್ಮ ವಾಸದ ಕಾರ್ಡ್ ನೋಡಿ ಅಂಗಡಿಯವರು ತಲೆಬಾಗಿ ಹೇಳಿದರು. ನನಗೆ ಅದರಲ್ಲಿ ಬೇಸರ ಆಗಲಿಲ್ಲ. ಈ ಊರಿನವರ ಲೆಕ್ಕದಲ್ಲಿ ನಾವೂ ಸೇರಿದ್ದೇವೆ ಅಂತ ಒಂಥರಾ ಸಮಾಧಾನವೇ ಆಯಿತು.

ಒಂದು ಟಿವಿ ಮಾತ್ರ ನಮ್ಮನ್ನು ತುಂಬಾ ಹೊತ್ತು ನಿಲ್ಲಿಸಿತು. ಅದೇ ಅಳತೆ, ಚಿತ್ರ ಚೆನ್ನಾಗಿದೆ, ಬೆಲೆ ಅರ್ಧಕ್ಕೆ ಹತ್ತಿರ. ಅದರಲ್ಲಿ ಟ್ಯೂನರ್ ಇಲ್ಲ. 2021ರ ಕೊನೆಯ ಹೊತ್ತಿಗೆ ಇಂಥವು ಇಲ್ಲಿ ಜನಪ್ರಿಯ ಆದವು. ವೈಫೈಗೆ ಜೋಡಿಸಿದರೆ ಯೂಟ್ಯೂಬು, ಸಿನಿಮಾ ಆ್ಯಪ್‌ಗಳು ಎಲ್ಲಾ ಬರುತ್ತವೆ. ಆಂಟೆನಾದಿಂದ ಬರುವ ಚಾನೆಲ್ ಮಾತ್ರ ಬರುವುದಿಲ್ಲ. ಚಾನೆಲ್ ಹಿಡಿಯದ ಕಾರಣ ಆಗ ಎನ್‌ಎಚ್‌ಕೆ ಶುಲ್ಕದ ಜವಾಬ್ದಾರಿಯೂ ಇರಲಿಲ್ಲ.

ಈ ಶುಲ್ಕದ ವಿಷಯ ಇಲ್ಲಿಗೆ ಬಂದ ಪ್ರತಿಯೊಬ್ಬರೂ ತಿಳಿದಿರಬೇಕು. ಎನ್‌ಎಚ್‌ಕೆ ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ. ಅದರಲ್ಲಿ ಜಾಹೀರಾತು ಇಲ್ಲ. 1950ರ ಪ್ರಸಾರ ಕಾಯ್ದೆಯ 64ನೇ ವಿಧಿ ಹೇಳುವುದು ಇಷ್ಟು: ಎನ್‌ಎಚ್‌ಕೆ ಪ್ರಸಾರ ಹಿಡಿಯಬಲ್ಲ ಯಂತ್ರ ಇಟ್ಟವರು ಅವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ನೋಡುತ್ತೀರೋ ಇಲ್ಲವೋ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಯಂತ್ರ ಇದೆಯೇ ಅನ್ನುವುದೇ ಲೆಕ್ಕ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ವಿಧಿಯನ್ನು ಎತ್ತಿಹಿಡಿಯಿತು. ಹೊರದೇಶದವರು ಅಂತ ವಿನಾಯಿತಿ ಇಲ್ಲ. 2023ರ ಅಕ್ಟೋಬರ್‌ನಿಂದ ನೆಲದ ಚಾನೆಲ್‌ಗೆ ಮಾತ್ರವಾದರೆ ತಿಂಗಳಿಗೆ 1,100 ಯೆನ್, ಉಪಗ್ರಹ ಚಾನೆಲ್ ಸೇರಿದರೆ 1,950 ಯೆನ್. ಇದು ಮನೆಗೆ ಒಂದು, ಟಿವಿಗೆ ಒಂದಲ್ಲ.

ಉಪಗ್ರಹ ಸೇರಿದರೆ ವರ್ಷಕ್ಕೆ ಇಪ್ಪತ್ತು ಸಾವಿರ ಯೆನ್ ಮೇಲೆ. ಸಣ್ಣ ಮೊತ್ತ ಅಲ್ಲ. ನಮ್ಮ ಮನೆಯವರು ಟ್ಯೂನರ್ ಇಲ್ಲದ್ದರ ಮುಂದೆಯೇ ನಿಂತಿದ್ದರು. ಸುಮ್ನೆ ಹಟ ಮಾಡುತ್ತಿದ್ದೇನಾ ಅಂತ ನಾನೂ ಒಂದು ಸಲ ಯೋಚಿಸಿದೆ. ಆದರೆ ನನಗೆ ಬೇಕಿದ್ದದ್ದು ಆ ಟ್ಯೂನರೇ. ಭೂಕಂಪ ಆದಾಗ ಎಲ್ಲರೂ ಒಟ್ಟಿಗೆ ಫೋನ್ ತೆಗೆಯುತ್ತಾರೆ, ನೆಟ್ ನಿಧಾನ ಆಗುತ್ತದೆ. ಆಂಟೆನಾದ ಸಿಗ್ನಲ್ ಹಾಗಲ್ಲ. ಒಬ್ಬರು ನೋಡಿದರೂ ಅಷ್ಟೇ, ಹತ್ತು ಲಕ್ಷ ಜನ ನೋಡಿದರೂ ಅಷ್ಟೇ. ಸಿನಿಮಾ ನೋಡಲು ನಮಗೆ ಲ್ಯಾಪ್‌ಟಾಪ್ ಇತ್ತಲ್ಲ. ಟಿವಿ ಬೇಕಾಗಿದ್ದು ಆ ಕೂಗುವ ದನಿಗಾಗಿ.

ಟ್ಯೂನರ್ ಇರುವ 43 ಗತಾ ಟಿವಿಯೇ ತೆಗೆದುಕೊಂಡೆವು. 69,800 ಯೆನ್, ಅದರ ಮೇಲೆ 10% ಪಾಯಿಂಟ್. ಪಾಯಿಂಟ್ ಅಂದರೆ ಮುಂದಿನ ಸಲ ಅದೇ ಅಂಗಡಿಯಲ್ಲಿ ದುಡ್ಡಿನ ಹಾಗೆ ಬಳಸುವುದು. ಆ ಪಾಯಿಂಟ್‌ನಲ್ಲೇ ಐದು ವರ್ಷದ ಗ್ಯಾರಂಟಿ ಹಾಕಿಸಿಕೊಂಡೆವು. ಕೊಳ್ಳುವ ಮುಂಚೆ ಒಂದು ವಿಷಯ ಕೇಳಿಯೇ ಕೇಳಿ: ಮೆನುವನ್ನು ಇಂಗ್ಲಿಷ್‌ಗೆ ಬದಲಾಯಿಸಬಹುದಾ? ಜಪಾನಿನಲ್ಲಿ ಮಾರುವ ಕೆಲವು ಟಿವಿಗಳಲ್ಲಿ ಜಪಾನೀ ಬಿಟ್ಟು ಬೇರೆ ಭಾಷೆ ಇರುವುದೇ ಇಲ್ಲ. ಅಂಗಡಿಯವರ ಹತ್ತಿರ ರಿಮೋಟ್ ತೆಗೆದುಕೊಂಡು ಅಲ್ಲೇ ನೋಡಿಬಿಡಿ.

ಮನೆಗೆ ತಲುಪಿಸುವ ಫಾರ್ಮ್‌ನಲ್ಲಿ ವಿಳಾಸ ಬರೆಯುವಾಗ ಒಂದು ಸಣ್ಣ ಗೊಂದಲ ಆಯಿತು. ಹಮಾಮತ್ಸುವಿನ ಏಳು ವಾರ್ಡುಗಳನ್ನು ಮೂರು ಮಾಡಿದ್ದರು. ಅದು ಜಾರಿಗೆ ಬಂದದ್ದು ಅದೇ ಜನವರಿ 1ಕ್ಕೆ. ನಾನು ರೂಢಿಯಲ್ಲಿ ಹಳೆಯ ಹೆಸರು ಬರೆದೆ. ಅಂಗಡಿಯವರು ಮೆಲ್ಲಗೆ ಅದರ ಮೇಲೆ ಗೆರೆ ಎಳೆದು 'ಚೂಓ' ಅಂತ ತಿದ್ದಿಕೊಟ್ಟರು. ಹೊಸ ವಿಳಾಸಕ್ಕೆ ಬಂದ ಮೊದಲ ಸಾಮಾನು ನಮ್ಮ ಟಿವಿ.

ಜೋಡಿಸಿಕೊಡಲು ಬೇರೆ ದುಡ್ಡು. ನಾವೇ ಮಾಡಿಕೊಳ್ಳೋಣ ಅಂತ ಇಬ್ಬರೂ ಒಪ್ಪಿದೆವು. ಸ್ಟ್ಯಾಂಡಿನ ಕಾಲು ಹಾಕುವುದು, ಪ್ಲಗ್ ಚುಚ್ಚುವುದು ಹತ್ತು ನಿಮಿಷದ ಕೆಲಸ. ಆನ್ ಮಾಡಿದಾಗ ಮೊದಲು ಭಾಷೆ ಕೇಳಿತು, ಆಮೇಲೆ ಏಳು ಅಂಕಿಯ ಪಿನ್‌ಕೋಡ್ ಕೇಳಿತು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನೀವು ಯಾವ ಊರಿನಲ್ಲಿದ್ದೀರಿ ಅಂತ ಟಿವಿಗೆ ಗೊತ್ತಾಗುವುದು ಇದರಿಂದಲೇ. ರಿಮೋಟ್‌ನ 'ಡಿ' ಬಟನ್ ಒತ್ತಿದರೆ ನಿಮ್ಮ ಊರಿನ ಹವಾಮಾನ, ಎಚ್ಚರಿಕೆ ಎಲ್ಲಾ ಬರುವುದೂ ಇದರಿಂದಲೇ.

ಅಲ್ಲಿಂದ ಮುಂದೆ ನಿಂತುಹೋದೆವು. ಡಬ್ಬದಲ್ಲಿ ಆಂಟೆನಾ ಕೇಬಲ್ಲೇ ಇರಲಿಲ್ಲ. ಇಲ್ಲಿ ಅದನ್ನು ಬೇರೆ ಕೊಳ್ಳಬೇಕು. ನಮ್ಮ ಮನೆಯವರು ಸೈಕಲ್ ಹತ್ತಿ ಹೋಗಿ ತಂದರು. ಗೋಡೆಯ ಜಾಕ್‌ಗೆ ಒಂದು ತುದಿ ತಿರುಗಿಸಿ, ಇನ್ನೊಂದು ತುದಿ ಟಿವಿ ಹಿಂದೆ ಹಾಕಿ ಚಾನೆಲ್ ಹುಡುಕಿಸಿದೆವು. ಒಂದೂ ಸಿಗಲಿಲ್ಲ. ಕಪ್ಪು ಪರದೆ, ಮಧ್ಯದಲ್ಲಿ 'ಇ202'. ಮತ್ತೆ ಹುಡುಕಿಸಿದೆವು. ಮತ್ತೆ ಇ202. ಕೇಬಲ್ ಕೆಟ್ಟಿದೆಯೋ, ಗೋಡೆಯ ಜಾಕ್ ಸತ್ತಿದೆಯೋ, ಹೊಸ ಟಿವಿಯೇ ಹಾಳೋ ತಿಳಿಯಲಿಲ್ಲ. ರಾತ್ರಿ ಒಂಬತ್ತಾಗಿತ್ತು. ಮಗಳು ಪರದೆಯ ಎದುರೇ ನಿದ್ದೆ ಹೋಗಿದ್ದಳು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯವರು ಬಂದರು. ಟಿವಿಯ ಹಿಂದೆ ಟಾರ್ಚ್ ಹಾಕಿ ನೋಡಿ ನಕ್ಕರು. ಹಿಂದೆ ಒಂದೇ ಥರದ ಎರಡು ತೂತು ಇವೆ. ಒಂದು 'ಚಿದೇಜಿ', ಅಂದರೆ ನೆಲದ ಡಿಜಿಟಲ್ ಪ್ರಸಾರ. ಇನ್ನೊಂದು ಉಪಗ್ರಹದ್ದು. ನಾವು ಉಪಗ್ರಹದ್ದಕ್ಕೆ ಚುಚ್ಚಿ ನೆಲದ್ದನ್ನು ಹುಡುಕಿಸುತ್ತಿದ್ದೆವು. ಅವರು ಬದಲಾಯಿಸಿ ಹಾಕಿದರು. ಅರ್ಧ ನಿಮಿಷದಲ್ಲಿ ಪಟ್ಟಿ ತುಂಬಿತು. 1 ಮತ್ತು 2 ಎನ್‌ಎಚ್‌ಕೆ. 4, 5, 6, 8 ನಮ್ಮ ಊರು ಸೇರಿರುವ ಪ್ರಾಂತ ಶಿಜುವೋಕಾದ ಖಾಸಗಿ ಚಾನೆಲ್‌ಗಳು.

ಎರಡೂ ಬೇಕಾದರೆ 'ಬುನ್ಪಾಕಿ' ತನ್ನಿ ಅಂದರು. ಗೋಡೆಯ ಒಂದೇ ಜಾಕ್‌ನಲ್ಲಿ ಎರಡೂ ಸಿಗ್ನಲ್ ಬೆರೆತು ಬರುತ್ತವೆ. ಈ ಪುಟ್ಟ ಸಾಧನ ಅದನ್ನು ಎರಡು ಬಾಲ ಮಾಡಿ ಕೊಡುತ್ತದೆ. ಒಂದು ಬಾಲ ಅಲ್ಲಿಗೆ, ಒಂದು ಇಲ್ಲಿಗೆ. ನಾವಿರುವ ಕಟ್ಟಡದ ಮೇಲೆ ಎಲ್ಲರಿಗೂ ಸೇರಿದ ಉಪಗ್ರಹ ಆಂಟೆನಾ ಇದೆ. ಅದನ್ನೂ ಹಾಕಿಕೊಂಡೆವು, 1,950 ಯೆನ್ನಿನ ಒಪ್ಪಂದಕ್ಕೇ ಆನ್‌ಲೈನ್‌ನಲ್ಲಿ ಹೆಸರು ಬರೆಸಿದೆವು. ಬಾಡಿಗೆ ಮನೆಗೆ ಹೋಗುವವರು ಕಟ್ಟಡಕ್ಕೆ ಉಪಗ್ರಹ ಆಂಟೆನಾ ಇದೆಯೇ ಅಂತ ಮೊದಲೇ ವಿಚಾರಿಸಿ. ಕಟ್ಟುವ ಶುಲ್ಕ ಅದರ ಮೇಲೆ ನಿಂತಿರುತ್ತದೆ.

ಕೇಬಲ್ ಸುತ್ತುತ್ತಾ ಅವರು ಒಂದು ವಿಷಯ ಹೇಳಿದರು. ಜಪಾನಿನ ಈ ಪದ್ಧತಿಯನ್ನೇ 2006ರಲ್ಲಿ ಬ್ರೆಜಿಲ್ ಕೂಡ ಆರಿಸಿಕೊಂಡು, ಸ್ವಲ್ಪ ಬದಲಾಯಿಸಿ ಬಳಸುತ್ತಿದೆ. ಅವರ ಅಜ್ಜ ಇಲ್ಲಿಂದ ಹಡಗು ಹತ್ತಿ ಅಲ್ಲಿಗೆ ಹೋದವರು. ಮೊಮ್ಮಗ ವಾಪಸ್ ಇಲ್ಲಿಗೆ ಬಂದರು. ಆಮೇಲೆ ಇಲ್ಲಿನ ಟಿವಿ ಪದ್ಧತಿ ಅಲ್ಲಿಗೆ ಹೋಯಿತು. ಅದನ್ನು ಹೇಳುವಾಗ ಅವರ ಮುಖ ಅರಳಿತ್ತು.

ಕೊನೆಯ ಕೆಲಸವೂ ಅವರೇ ಮಾಡಿಸಿದರು. ಟಿವಿ ಬೀಳದ ಹಾಗೆ ಕಟ್ಟುವುದು. ಕಾಲಿನ ಕೆಳಗೆ ಅಂಟುವ ಮೆತ್ತನೆಯ ಜೆಲ್ ತುಂಡು. ಹಿಂದೆ ಒಂದು ಪಟ್ಟಿ, ಅದನ್ನು ಮರದ ಸ್ಟ್ಯಾಂಡಿಗೆ ಸ್ಕ್ರೂ ಹಾಕಿ ಬಿಗಿಯುವುದು. ಈ ಊರಿನ ಕರಾವಳಿಯಲ್ಲಿ ಸುನಾಮಿ ತಡೆಯಲು 17.5 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿದ್ದಾರೆ, 2020ರಲ್ಲಿ ಮುಗಿದಿದೆ. ಹಮಾನಾ ಕೆರೆಯ ಬಾಯಿಂದ ತೆನ್ರ್ಯೂ ನದಿವರೆಗೂ ಇದೆ. ಅಷ್ಟು ದೊಡ್ಡ ಗೋಡೆ ಕಟ್ಟಿದ ಊರಿನಲ್ಲಿ ನಾನು ಒಂದು ಪಟ್ಟಿ ಕಟ್ಟದೆ ಹೇಗಿರಲಿ?

ದಿನಾ ನೋಡತೊಡಗಿದ ಮೇಲೆ ರಿಮೋಟ್‌ನ ಎರಡು ಬಟನ್ ನನಗೆ ಆಪ್ತವಾದವು. ಒಂದು 'ಜಿಮಾಕು'. ಅದನ್ನು ಒತ್ತಿದರೆ ಮಾತೆಲ್ಲಾ ಅಕ್ಷರವಾಗಿ ಕೆಳಗೆ ಬರುತ್ತದೆ. ಕಿವಿಗೆ ತಪ್ಪಿದ್ದು ಕಣ್ಣಿಗೆ ಸಿಗುತ್ತದೆ. ತರಗತಿಯಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಜಪಾನೀ ನಾನು ಆ ಬಟನ್‌ನಿಂದ ಕಲಿತೆ. ಇನ್ನೊಂದು 'ಒನ್ಸೇ ಕಿರಿಕಾಏ', ಅಂದರೆ ದನಿ ಬದಲಾಯಿಸು. ಎನ್‌ಎಚ್‌ಕೆಯ ಸಂಜೆ ಏಳರ ಸುದ್ದಿಗೆ ಇದನ್ನು ಒತ್ತಿದರೆ ಇಂಗ್ಲಿಷ್ ಕೇಳಿಸುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಮಗಳು ಬಟನ್ ಒತ್ತಿ ಆಡುವಾಗ ಸಿಕ್ಕಿತು. ಇಲ್ಲಿಗೆ ಬಂದ ಎಷ್ಟೋ ಮನೆಗಳಲ್ಲಿ ಟಿವಿ ಇದ್ದೂ ಇದು ಗೊತ್ತಿಲ್ಲ. ದಯವಿಟ್ಟು ಒತ್ತಿ ನೋಡಿ.

ಮಗಳಿಗೆ 2ನೇ ಬಟನ್ ಇಷ್ಟ. ಬೆಳಿಗ್ಗೆ ಅದರಲ್ಲಿ ಮಕ್ಕಳ ಹಾಡು, ಕುಣಿತ ಬರುತ್ತದೆ. ಮೂರು ತಿಂಗಳಲ್ಲಿ ಅವಳ ಜಪಾನೀ ನನ್ನದನ್ನು ದಾಟಿಹೋಯಿತು.

ಟಿವಿಗೂ ಈ ಊರಿಗೂ ಒಂದು ನಂಟಿದೆ ಅಂತ ನನಗೆ ಗೊತ್ತಾಗಿದ್ದು ಆ ವರ್ಷದ ವಸಂತದಲ್ಲಿ. ತಕಾಯಾನಗಿ ಕೆಂಜಿರೋ ಎನ್ನುವವರು ಹಮಾಮತ್ಸುವಿನ ತಾಂತ್ರಿಕ ಶಾಲೆಯಲ್ಲಿ ಮೇಷ್ಟರಾಗಿದ್ದರು. 1926ರ ಡಿಸೆಂಬರ್ 25ರಂದು ಅವರು ಒಂದು ಅಕ್ಷರವನ್ನು ತೂತುಗಳಿರುವ ತಿರುಗುವ ತಟ್ಟೆಯಿಂದ ಹಾಯಿಸಿ, ಗಾಜಿನ ಚಿತ್ರನಳಿಗೆಯ ಮೇಲೆ ಮೂಡಿಸಿದರು. ಬರೀ 40 ಗೆರೆಗಳ ಚಿತ್ರ. ಅವರು ಆರಿಸಿಕೊಂಡ ಅಕ್ಷರ ಕತಕಾನ ಅನ್ನುವ ಇಲ್ಲಿನ ಇನ್ನೊಂದು ಸುಲಭದ ಲಿಪಿಯ 'ಇ'. ಹಳೆಯ ಜಪಾನೀ ಅಕ್ಷರಮಾಲೆಯಲ್ಲಿ ಮೊದಲು ಬರುವುದು ಅದೇ. ಆ ಶಾಲೆ ಈಗ ಶಿಜುವೋಕಾ ವಿಶ್ವವಿದ್ಯಾಲಯದ ಭಾಗ. ಅಲ್ಲಿ ಅವರ ಹೆಸರಿನ ಒಂದು ಪುಟ್ಟ ವಸ್ತುಸಂಗ್ರಹಾಲಯ ಇದೆ. ಮಗಳನ್ನು ಕರೆದುಕೊಂಡು ಹೋದೆ. ಎರಡು ಗೀಟಿನ ಆ ಅಕ್ಷರ ನೋಡಿ ಅವಳು "ಇ" ಅಂತ ಗಟ್ಟಿಯಾಗಿ ಓದಿದಳು. ನನ್ನ ಕಣ್ಣು ತುಂಬಿತು. ಜನವರಿಯಲ್ಲಿ ನಾನು ಮೂರು ಅಕ್ಷರ ಕೂಡಿಸಿ ಓದಿದ್ದು ನೆನಪಾಯಿತು.

ಆಗಸ್ಟ್ 8, ಗುರುವಾರ. ಸಂಜೆ ಐದಕ್ಕೆ ಮುಂಚೆ ದೂರದ ಕ್ಯೂಶೂ ಕಡಲಲ್ಲಿ, ಹ್ಯೂಗನಾದಾದಲ್ಲಿ 7.1ರ ಭೂಕಂಪ ಆಯಿತು. ನಮ್ಮ ಊರಿಗೆ ಅದರಿಂದ ಅಪಾಯ ಇರಲಿಲ್ಲ. ಆದರೂ ಟಿವಿ ಹಾಕಿ ಕೂತೆ. ಏಳೂ ಕಾಲಿಗೆ ಹವಾಮಾನ ಇಲಾಖೆ ಒಂದು ಪ್ರಕಟಣೆ ಕೊಟ್ಟಿತು. ನಾನ್ಕೈ ಟ್ರಫ್ ಎನ್ನುವ ಸಮುದ್ರದ ತಳದ ಉದ್ದನೆಯ ಕಮರಿಯ ಉದ್ದಕ್ಕೂ ದೊಡ್ಡ ಭೂಕಂಪ ಆಗುವ ಸಾಧ್ಯತೆ ಎಂದಿಗಿಂತ ಜಾಸ್ತಿ ಆಗಿದೆ, ಒಂದು ವಾರ ಎಚ್ಚರ ಇರಲಿ ಅಂತ. 2019ರಲ್ಲಿ ಆ ವ್ಯವಸ್ಥೆ ಶುರುವಾದ ಮೇಲೆ ಅಂಥ ಪ್ರಕಟಣೆ ಅದೇ ಮೊದಲು. ಭೂಪಟದಲ್ಲಿ ಬಣ್ಣ ಹಚ್ಚಿದ ಜಾಗದಲ್ಲಿ ಶಿಜುವೋಕಾ ಇತ್ತು. ನಾವಿದ್ದೆವು.

ದನಿಯ ಬಟನ್ ಒತ್ತಿದೆ. ಇಂಗ್ಲಿಷ್‌ನಲ್ಲಿ ಒಂದೊಂದು ಮಾತೂ ಸ್ಪಷ್ಟವಾಗಿ ಬಂತು. ಈಗಲೇ ಊರು ಬಿಟ್ಟು ಹೋಗಬೇಕಿಲ್ಲ. ನೀರು ತುಂಬಿಡಿ. ಬೀರು, ಕಪಾಟು ಬೀಳದ ಹಾಗೆ ನೋಡಿ. ಮನೆಯವರೆಲ್ಲಾ ಎಲ್ಲಿ ಸೇರಬೇಕು ಅಂತ ಮಾತಾಡಿಕೊಳ್ಳಿ. ಆಮೇಲೆ ಮತ್ತೆ ಜಪಾನೀಗೆ ಬದಲಾಯಿಸಿ ಕೇಳಿದೆ. ಅರ್ಧದಷ್ಟು ಅರ್ಥ ಆಯಿತು.

ನಮ್ಮ ಮನೆಯವರು ಬಂದಾಗ ನಾನು ಆಗಲೇ ಬಾಟಲಿಗಳಿಗೆ ನೀರು ತುಂಬಿಸುತ್ತಿದ್ದೆ. ಅವರು ಏನೂ ಕೇಳಲಿಲ್ಲ. ತೋಳು ಮಡಚಿ ಬಂದು ಪಕ್ಕ ನಿಂತರು. ಇಬ್ಬರೂ ಸೇರಿ ಮೂವರ ಚಪ್ಪಲಿ, ಬೂಟು ಹಾಸಿಗೆಯ ಪಕ್ಕಕ್ಕೆ ತಂದಿಟ್ಟೆವು. ಟಾರ್ಚ್‌ಗೆ ಹೊಸ ಸೆಲ್ ಹಾಕಿದೆವು. ಪಕ್ಕದ ಮನೆಗೆ ಹೋಗಿ, ಏನಾದರೂ ಆದರೆ ಹತ್ತಿರದ ಶಾಲೆಯ ಗೇಟಿನಲ್ಲಿ ಸೇರೋಣ ಅಂತ ಹೇಳಿ ಬಂದೆವು.

ಮಲಗುವ ಮುಂಚೆ ಟಿವಿಯ ಹಿಂದೆ ಕೈ ಹಾಕಿ ಪಟ್ಟಿ ಎಳೆದು ನೋಡಿದೆ. ಬಿಗಿಯಾಗಿತ್ತು. 1ನೇ ಬಟನ್ ಒತ್ತಿ, ದನಿ ಸಣ್ಣಗೆ ಮಾಡಿ, ಟಿವಿ ಹಾಗೇ ಬಿಟ್ಟು ಮಲಗಿದೆವು.